ಆಟಕ್ಕೂ ಒಂದು ಹೊತ್ತಿರಲಿ

ಅಸ್ರ್ ನಮಾಝ್ ಮುಗಿದಂದಿನಿಂದ ಮಗ್ರಿಬ್‌ನ ಅಝಾನ್ ಕೇಳಿಸುವವರೆಗಿನ ಹೊತ್ತು ಹಿಂದಿನಿಂದಲೂ ಮಕ್ಕಳದ್ದು. ಬೈಲಹೊಂಗಲ ತಾಲೂಕಿನ ಸಂಪಗಾಂವವಿರಲಿ, ಕಿತ್ತೂರು, ಸವದತ್ತಿ, ರಾಮದುರ್ಗದ ಓಣಿಗಳಿರಲಿ, ಒಂದು ತಲೆಮಾರಿನ ಹಿಂದೆ ಈ ಹೊತ್ತಿನಲ್ಲಿ ಮನೆಯೊಳಗೆ ಮಕ್ಕಳು ಸಿಗುತ್ತಿರಲಿಲ್ಲ. ಗಂಡು ಹುಡುಗರು ಚಿಣಿಫಣಿ, ಗೋಲಿ, ಬುಗುರಿ, ಲಗೋರಿ ಎಂದು ಬಯಲಿಗೆ ಓಡುತ್ತಿದ್ದರು. ಹುಡುಗಿಯರು ಅಂಗಳದಲ್ಲಿ ಕುಂಟಾಟ ಆಡುತ್ತಿದ್ದರು, ಮಾಳಿಗೆಯ ಮೇಲೆ ಕುಳಿತು ಆಣೆಕಲ್ಲು ಆಡುತ್ತಿದ್ದರು. ತಾಯಂದಿರ ದೊಡ್ಡ ಚಿಂತೆ ಏನಿತ್ತೆಂದರೆ, ಕತ್ತಲಾಗುವ ಮೊದಲು ಇವರನ್ನು ಮನೆಗೆ ಕರೆತರುವುದು ಹೇಗೆ ಎಂಬುದು.

ಇಂದು ಅದೇ ಹೊತ್ತಿನಲ್ಲಿ ನಿಮ್ಮ ಮನೆಯ ಪಡಸಾಲೆಯನ್ನು ಒಮ್ಮೆ ಗಮನಿಸಿ. ಮಗು ಮನೆಯಲ್ಲೇ ಇದೆ, ಸದ್ದಿಲ್ಲದೆ ಕುಳಿತಿದೆ. ಆದರೆ ಅದರ ಕೈಯಲ್ಲಿರುವ ಮೊಬೈಲಿನಿಂದ ಗುಂಡು ಹಾರುವ ಸದ್ದು ಬರುತ್ತಿದೆ. ತಾಯಿ ಮೂರು ಸಲ ಕರೆದರೂ 'ಇನ್ನೊಂದು ಐದು ನಿಮಿಷ' ಎಂಬ ಉತ್ತರ. ಇಂದಿನ ತಾಯಿಯ ಚಿಂತೆ ತಿರುವು ಮುರುವಾಗಿದೆ. ಮಗುವನ್ನು ಹೊರಗೆ ಕಳುಹಿಸುವುದು ಹೇಗೆ? ಆಟಕ್ಕೆ ಮಿತಿ ಹಾಕಬೇಕೇ, ಬೇಡವೇ? ಹಾಕುವುದಾದರೆ ಎಷ್ಟು?

ಇದು ಬಹುತೇಕ ಎಲ್ಲ ಮನೆಗಳ ಪ್ರಶ್ನೆ. ಸಿಟ್ಟಿನಲ್ಲಿ ಮೊಬೈಲ್ ಕಸಿದುಕೊಳ್ಳುವುದರಿಂದಾಗಲಿ, 'ಕಾಲವೇ ಹೀಗೆ' ಎಂದು ಕೈಚೆಲ್ಲುವುದರಿಂದಾಗಲಿ ಇದಕ್ಕೆ ಉತ್ತರ ಸಿಗದು. ಸ್ವಲ್ಪ ಕುಳಿತು ಯೋಚಿಸೋಣ.

ಮನೆಯೊಳಗೆ ಬಂದ ಬಗೆ

ಮೊಬೈಲ್ ಆಟ ನಮ್ಮ ಮನೆಗಳಿಗೆ ಒಂದೇ ದಿನದಲ್ಲಿ ನುಗ್ಗಲಿಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಬಳಿಕ ಇಂಟರ್‌ನೆಟ್ ಅಗ್ಗವಾಯಿತು. ಹಳ್ಳಿಯ ಮನೆಗಳಿಗೂ ಸ್ಮಾರ್ಟ್ ಫೋನ್ ತಲುಪಿತು. ಆದರೂ ಫೋನ್ ತಂದೆಯ ಜೇಬಿನಲ್ಲೇ ಇತ್ತು. 2020ರ ಮಾರ್ಚ್‌ನಲ್ಲಿ ಕೊರೋನಾದಿಂದಾಗಿ ಶಾಲೆಗಳು ಮುಚ್ಚಿದವು. ಪಾಠ ಮೊಬೈಲಿಗೆ ಬಂತು. ಸಾಲ ಮಾಡಿಯಾದರೂ ಮಕ್ಕಳಿಗೆ ಫೋನ್ ಕೊಡಿಸಿದ ತಂದೆ ತಾಯಂದಿರು ಎಷ್ಟೋ ಮಂದಿ. ಕರ್ನಾಟಕದಲ್ಲಿ 1ರಿಂದ 5ನೇ ತರಗತಿಯ ಮಕ್ಕಳಿಗೆ ಶಾಲೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಅಂದರೆ ಸುಮಾರು ಒಂದೂವರೆ ವರ್ಷ ಪುಟ್ಟ ಮಕ್ಕಳಿಗೆ ಶಾಲೆಯೂ ಇರಲಿಲ್ಲ, ಆಟದ ಬಯಲೂ ಇರಲಿಲ್ಲ. ಕೊನೆಗೆ ಶಾಲೆ ತೆರೆಯಿತು. ಆದರೆ ಪಾಠಕ್ಕೆಂದು ಬಂದ ಫೋನ್ ಮಗುವಿನ ಕೈಯಲ್ಲೇ ಉಳಿಯಿತು.

ಆದ್ದರಿಂದ ತಾಯಂದಿರನ್ನು ಮಾತ್ರ ದೂರುವುದು ನ್ಯಾಯವಲ್ಲ. ಮಗ್ಗದ ಮುಂದೆ ಕುಳಿತವಳು, ಹೊಲಿಗೆ ಯಂತ್ರ ತುಳಿಯುವವಳು, ಹತ್ತಿ ಬಿಡಿಸಲು ಹೊಲಕ್ಕೆ ಹೋಗಿ ಬಂದವಳು ಸಂಜೆ ಅಡುಗೆಯನ್ನೂ ಮಾಡಬೇಕು. ಮಗು ಒಂದು ಗಂಟೆ ಸುಮ್ಮನೆ ಕುಳಿತರೆ ಸಾಕು ಎಂದು ಅವಳಿಗೆ ಅನಿಸುವುದು ಸಹಜ. ಆ ಒಂದು ಗಂಟೆ ಯಾವಾಗ ನಾಲ್ಕು ಗಂಟೆಯಾಯಿತು ಎಂಬುದು ಅವಳಿಗೆ ತಿಳಿಯುವುದೇ ಇಲ್ಲ.

ಕಾಕತಿಯ ಸುದ್ದಿ ಮತ್ತು ನಮ್ಮ ಭಯ

2019ರ ಸೆಪ್ಟೆಂಬರ್‌ನಲ್ಲಿ ಬೆಳಗಾವಿಯ ಹತ್ತಿರದ ಕಾಕತಿಯಿಂದ ಬಂದ ಸುದ್ದಿ ಇಡೀ ರಾಜ್ಯವನ್ನು ನಡುಗಿಸಿತು. ಪಬ್‌ಜಿ ಆಡಬೇಡ ಎಂದು ತಡೆದ ತಂದೆಯನ್ನು ಇಪ್ಪತ್ತು ದಾಟಿದ ಮಗನೇ ಕೊಂದನೆಂಬುದು ಆ ಸುದ್ದಿ. ಕಾಕತಿ ವೀರ ರಾಣಿ ಕಿತ್ತೂರು ಚೆನ್ನಮ್ಮನ ಹುಟ್ಟೂರು. ಅಂತಹ ಊರಿನ ಹೆಸರು ಹೀಗೊಂದು ಘಟನೆಗಾಗಿ ಪತ್ರಿಕೆಗಳಲ್ಲಿ ಬಂದಾಗ ಈ ಭಾಗದ ಜನ ನೊಂದುಕೊಂಡರು.

ಆ ಸುದ್ದಿ ಓದಿದ ಬಳಿಕ ತಂದೆ ತಾಯಂದಿರು ಎರಡು ರೀತಿಯಲ್ಲಿ ಹೆದರಿದರು. ಕೆಲವರು ಆಟವೇ ಬೇಡವೆಂದು ಫೋನ್ ಬೀಗದೊಳಗಿಟ್ಟರು. ಇನ್ನು ಕೆಲವರು, ತಡೆದರೆ ಮಗ ಏನು ಮಾಡಿಕೊಳ್ಳುತ್ತಾನೋ ಎಂದು ಮಾತನಾಡುವುದನ್ನೇ ಬಿಟ್ಟರು. ಈ ಎರಡೂ ಭಯ ನಮಗೆ ಸರಿಯಾದ ದಾರಿ ತೋರಿಸುವುದಿಲ್ಲ. ಅಂತಹ ಘಟನೆ ತೀರಾ ಅಪರೂಪದ್ದು. ಒಂದು ಕೊಲೆಗೆ ಆಟವೊಂದೇ ಕಾರಣವೆಂದು ಹೇಳಿ ಮುಗಿಸಲು ಸಾಧ್ಯವೂ ಇಲ್ಲ. ಲಕ್ಷಾಂತರ ಮನೆಗಳಲ್ಲಿ ನಡೆಯುವ ನಷ್ಟ ಇಷ್ಟು ಭೀಕರವಲ್ಲ, ಅದು ಸದ್ದಿಲ್ಲದ್ದು. ನಿದ್ದೆ ಕಡಿಮೆಯಾಗುತ್ತದೆ, ಕಣ್ಣು ಮಂದವಾಗುತ್ತದೆ, ಫಜ್ರ್ ತಪ್ಪುತ್ತದೆ, ಮಾತು ನಿಲ್ಲುತ್ತದೆ. ನಾವು ಯೋಚಿಸಬೇಕಾದದ್ದು ಈ ನಷ್ಟದ ಬಗ್ಗೆ. ಒಂದು ಪಾಠವನ್ನಂತೂ ಆ ಘಟನೆಯಿಂದ ಕಲಿಯಬಹುದು. ಮಿತಿಯನ್ನು ಮಗುವಿಗೆ ಆರನೇ ವಯಸ್ಸಿನಲ್ಲಿ ಕಲಿಸುವುದು ಸುಲಭ, ಇಪ್ಪತ್ತರಲ್ಲಿ ಕಲಿಸಲು ಹೊರಡುವುದು ಬಹಳ ಕಷ್ಟ.

ಕಾನೂನು ನಮ್ಮ ಬದಲಿಗೆ ನಿಲ್ಲುವುದಿಲ್ಲ

ಕೇಂದ್ರ ಸರಕಾರ 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ಮೊಬೈಲ್ ಸೇರಿದಂತೆ 118 ಆ್ಯಪ್‌ಗಳನ್ನು ನಿಷೇಧಿಸಿತು. ಕಾರಣ ಮಕ್ಕಳ ಆರೋಗ್ಯವಲ್ಲ, ದೇಶದ ಭದ್ರತೆ. ಮರುವರ್ಷ ಜುಲೈಯಲ್ಲಿ ಅದೇ ಬಗೆಯ ಆಟ ಬಿಜಿಎಂಐ ಎಂಬ ಹೊಸ ಹೆಸರಿನಲ್ಲಿ ಬಂತು. 2022ರ ಜುಲೈಯಲ್ಲಿ ಅದನ್ನೂ ತೆಗೆಯಲಾಯಿತು, 2023ರ ಮೇ ತಿಂಗಳಲ್ಲಿ ಅದು ಮರಳಿ ಬಂತು. 2022ರ ಫೆಬ್ರವರಿಯಲ್ಲಿ ಫ್ರೀ ಫೈರ್ ನಿಷೇಧವಾದಾಗ ಮಕ್ಕಳು ಫ್ರೀ ಫೈರ್ ಮ್ಯಾಕ್ಸ್‌ಗೆ ಹೋದರು.

ಹೊರದೇಶಗಳಲ್ಲೂ ಇದೇ ಅನುಭವ. ದಕ್ಷಿಣ ಕೊರಿಯಾ 2011ರಲ್ಲಿ 16 ವರ್ಷದೊಳಗಿನ ಮಕ್ಕಳು ಮಧ್ಯರಾತ್ರಿಯಿಂದ ಬೆಳಗ್ಗೆ ಆರರ ತನಕ ಆನ್‌ಲೈನ್ ಆಟ ಆಡಬಾರದೆಂದು ಕಾನೂನು ಮಾಡಿತು. ಆದರೆ ಅದು ಮುಖ್ಯವಾಗಿ ಕಂಪ್ಯೂಟರ್ ಆಟಗಳಿಗೆ ಅನ್ವಯಿಸುತ್ತಿತ್ತು. ಮಕ್ಕಳು ಮೊಬೈಲಿಗೆ ತಿರುಗಿದರು. ಕೊನೆಗೆ 2022ರ ಆರಂಭದಲ್ಲಿ ಆ ಕಾನೂನೇ ಕೊನೆಗೊಂಡಿತು. ಚೀನಾ 2021ರ ಸೆಪ್ಟೆಂಬರ್‌ನಿಂದ ಇನ್ನೂ ಬಿಗಿ ಮಾಡಿತು. 18ರೊಳಗಿನವರಿಗೆ ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾದಿನಗಳಲ್ಲಿ ರಾತ್ರಿ ಎಂಟರಿಂದ ಒಂಬತ್ತರವರೆಗೆ ಮಾತ್ರ ಆಟ. ಅಷ್ಟು ದೊಡ್ಡ ಸರಕಾರಗಳೂ ಮಿತಿ ಬೇಕು ಎಂದು ಕಂಡುಕೊಂಡವು ಎಂಬುದು ನಿಜ. ಆದರೆ ಪಡಸಾಲೆಯಲ್ಲಿ ಕುಳಿತ ಮಗುವನ್ನು ಸರಕಾರ ನೋಡಲಾರದು. ಅದನ್ನು ನೋಡಬಲ್ಲವರು ನೀವು.

ಆಟದ ಕಂಪೆನಿಗೂ ಮಿತಿಯ ಅಗತ್ಯ ಗೊತ್ತು. 2023ರಲ್ಲಿ ಬಿಜಿಎಂಐ ಮರಳಿ ಬಂದಾಗ 18ರೊಳಗಿನವರಿಗೆ ದಿನಕ್ಕೆ 3 ಗಂಟೆ, ಉಳಿದವರಿಗೆ 6 ಗಂಟೆ ಎಂದು ನಿಗದಿಪಡಿಸಿತು. ಶಾಲೆಗೆ ಹೋಗುವ ಮಗುವಿಗೆ ದಿನಕ್ಕೆ ಮೂರು ಗಂಟೆ ಆಟ! ಈ ಲೆಕ್ಕ ವ್ಯಾಪಾರಿಯದ್ದು. ತಾಯಿಯ ಲೆಕ್ಕ ಬೇರೆಯೇ ಇರಬೇಕು.

ಮಿತಿ ಬೇಡ ಎನ್ನುವವರ ಮಾತು

ಇದಕ್ಕೆ ವಿರುದ್ಧವಾದ ಮಾತುಗಳನ್ನೂ ಕೇಳೋಣ. ಮಗು ಮನೆಯಲ್ಲಿದ್ದರೆ ವಾಹನಗಳ ಭಯವಿಲ್ಲ, ಕೆಟ್ಟ ಸಹವಾಸದ ಭಯವಿಲ್ಲ ಎನ್ನುತ್ತಾರೆ ಕೆಲವರು. ಆಟದಿಂದ ಕೈ ಕಣ್ಣು ಚುರುಕಾಗುತ್ತದೆ, ನಾಲ್ಕು ಇಂಗ್ಲಿಷ್ ಶಬ್ದ ಬರುತ್ತದೆ ಎನ್ನುತ್ತಾರೆ ಇನ್ನು ಕೆಲವರು. ಮನೆಯಲ್ಲಿ ತಡೆದರೆ ಗೆಳೆಯನ ಮನೆಯಲ್ಲಿ ಕದ್ದು ಆಡುತ್ತಾನೆ ಎಂಬುದು ಮತ್ತೊಂದು ವಾದ. ಈ ಮಾತುಗಳಲ್ಲಿ ಸತ್ಯಾಂಶವಿದೆ.

ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕ ಆಂಡ್ರ್ಯೂ ಶಿಬಿಲ್‌ಸ್ಕಿ 2014ರಲ್ಲಿ ಬ್ರಿಟನ್ನಿನ 10ರಿಂದ 15 ವರ್ಷದ ಸುಮಾರು 5,000 ಮಕ್ಕಳ ಅಧ್ಯಯನವೊಂದನ್ನು ಪ್ರಕಟಿಸಿದರು. ದಿನಕ್ಕೆ ಒಂದು ಗಂಟೆಗಿಂತ ಕಡಿಮೆ ಆಡುವ ಮಕ್ಕಳು, ಆಡದೇ ಇರುವ ಮಕ್ಕಳಿಗಿಂತಲೂ ಸ್ವಲ್ಪ ಹೆಚ್ಚು ನೆಮ್ಮದಿಯಿಂದ ಇದ್ದುದು ಅದರಲ್ಲಿ ಕಂಡುಬಂತು. ಮೂರು ಗಂಟೆಗಿಂತ ಹೆಚ್ಚು ಆಡುವವರಲ್ಲಿ ಪರಿಸ್ಥಿತಿ ಹದಗೆಟ್ಟಿತ್ತು. ಈ ಒಳಿತು ಕೆಡುಕು ಎರಡೂ ಸಣ್ಣ ಪ್ರಮಾಣದ್ದು ಎಂಬುದನ್ನೂ ಅವರು ಹೇಳಿದರು. ಅಂದರೆ ಆಟ ವಿಷವಲ್ಲ, ಹಾಲೂ ಅಲ್ಲ. ಅದು ಉಪ್ಪಿನಕಾಯಿಯ ಹಾಗೆ. ಊಟದ ಜತೆ ಸ್ವಲ್ಪ ಇದ್ದರೆ ರುಚಿ, ಊಟದ ಬದಲಿಗೆ ಅದನ್ನೇ ತಿಂದರೆ ಹೊಟ್ಟೆ ಕೆಡುತ್ತದೆ.

ಪ್ರವಾದಿ(ಸ)ರ ಮುಂದೆ ಆಡಿದ ಮಕ್ಕಳು

ಧರ್ಮನಿಷ್ಠೆಯೆಂದರೆ ಮಕ್ಕಳನ್ನು ಆಡಗೊಡದಿರುವುದು ಎಂಬ ತಪ್ಪು ಕಲ್ಪನೆ ನಮ್ಮಲ್ಲಿ ಕೆಲವರಿಗಿದೆ. ಪ್ರವಾದಿ ಮುಹಮ್ಮದ್(ಸ)ರ ಜೀವನ ಬೇರೆಯೇ ಚಿತ್ರವನ್ನು ಕೊಡುತ್ತದೆ. ಹ. ಆಯಿಶಾ(ರ) ಗೊಂಬೆಗಳೊಂದಿಗೆ ಆಡುತ್ತಿದ್ದರು. ಅವರ ಗೆಳತಿಯರು ಪ್ರವಾದಿ(ಸ)ರನ್ನು ಕಂಡು ಸಂಕೋಚದಿಂದ ಮರೆಯಾದರೆ, ಅವರನ್ನು ಮತ್ತೆ ಆಟಕ್ಕೆ ಕಳುಹಿಸುತ್ತಿದ್ದವರು ಪ್ರವಾದಿ(ಸ)ರೇ. ಈದ್‌ನ ದಿನ ಮಸೀದಿಯ ಆವರಣದಲ್ಲಿ ಅಬಿಸೀನಿಯಾದವರು ಭರ್ಚಿಯ ಆಟವಾಡಿದಾಗ ಹ. ಆಯಿಶಾ(ರ) ತಾವಾಗಿಯೇ ಸಾಕೆನ್ನುವವರೆಗೂ ಪ್ರವಾದಿ(ಸ)ರು ಅವರಿಗೆ ಮರೆಯಾಗಿ ನಿಂತು ತೋರಿಸಿದರು. ಪುಟ್ಟ ಹುಡುಗನೊಬ್ಬನ ಹಕ್ಕಿ ಸತ್ತಾಗ ಅವನನ್ನು ಪ್ರೀತಿಯಿಂದ ಮಾತನಾಡಿಸಿದರು.

ಹ. ಅನಸ್(ರ) ಹೇಳಿದ ಘಟನೆಯೊಂದು ನಮ್ಮ ಇಂದಿನ ಪ್ರಶ್ನೆಗೆ ನೇರವಾಗಿ ಹೊಂದುತ್ತದೆ. ಅವರು ಬಾಲಕನಾಗಿದ್ದಾಗ ಪ್ರವಾದಿ(ಸ)ರು ಅವರನ್ನು ಯಾವುದೋ ಕೆಲಸಕ್ಕೆ ಕಳುಹಿಸಿದರು. ದಾರಿಯಲ್ಲಿ, ಮಾರುಕಟ್ಟೆಯ ಬಳಿ ಹುಡುಗರು ಆಡುತ್ತಿದ್ದರು. ಬಾಲಕ ಅಲ್ಲೇ ನಿಂತುಬಿಟ್ಟ, ಕೆಲಸ ಮರೆಯಿತು. ಸ್ವಲ್ಪ ಹೊತ್ತಾದ ಮೇಲೆ ಯಾರೋ ಹಿಂದಿನಿಂದ ಬಂದು ಕುತ್ತಿಗೆ ಹಿಡಿದರು. ತಿರುಗಿ ನೋಡಿದರೆ ಪ್ರವಾದಿ(ಸ)ರು ನಗುತ್ತಿದ್ದಾರೆ. ಹೇಳಿದ ಕಡೆಗೆ ಹೋದೆಯಾ ಎಂದು ಮುದ್ದಿನ ಹೆಸರಿನಿಂದ ಕೇಳಿದರು. ಹೋಗುತ್ತೇನೆ ಎಂದು ಬಾಲಕ ಹೊರಟ.

ಈ ಸಣ್ಣ ಘಟನೆಯಲ್ಲಿ ಎಷ್ಟೊಂದು ಪಾಠಗಳಿವೆ ನೋಡಿ! ಆಟದಲ್ಲಿ ಮೈಮರೆಯುವುದು ಮಗುವಿನ ಸ್ವಭಾವ ಎಂದು ಪ್ರವಾದಿ(ಸ)ರಿಗೆ ಗೊತ್ತಿತ್ತು. ಹಾಗೆಂದು ಕೆಲಸವನ್ನು ಬಿಟ್ಟುಕೊಡಲಿಲ್ಲ. ಮನೆಯಿಂದಲೇ ಕೂಗಲಿಲ್ಲ, ಮಗು ಇದ್ದಲ್ಲಿಗೆ ತಾವೇ ನಡೆದು ಬಂದರು. ಮುಟ್ಟಿದರು, ನಕ್ಕರು, ನೆನಪಿಸಿದರು. ನಾವೋ ಅಡುಗೆ ಮನೆಯಿಂದಲೇ ಹತ್ತು ಸಲ ಕೂಗಿ, ಹನ್ನೊಂದನೆಯ ಸಲ ಸಿಟ್ಟಿನಿಂದ ಬಂದು ಫೋನ್ ಕಸಿಯುತ್ತೇವೆ.

ಹ. ಹಂಝಲ(ರ) ಎಂಬ ಸಹಾಬಿ ಒಮ್ಮೆ, ನಿಮ್ಮ ಬಳಿ ಇದ್ದಾಗಿನ ಮನಸ್ಥಿತಿ ಮನೆಗೆ ಹೋಗಿ ಹೆಂಡತಿ ಮಕ್ಕಳೊಂದಿಗೆ ಬೆರೆತಾಗ ಇರುವುದಿಲ್ಲವಲ್ಲ ಎಂದು ಕಳವಳಪಟ್ಟರು. ಆಗ ಪ್ರವಾದಿ(ಸ)ರು ಕೊಟ್ಟ ಉತ್ತರದ ತಾತ್ಪರ್ಯ, ಅದಕ್ಕೊಂದು ಹೊತ್ತು, ಇದಕ್ಕೊಂದು ಹೊತ್ತು ಎಂಬುದಾಗಿತ್ತು. ಮಿತಿ ಎಂದರೆ ಇದೇ ಅಲ್ಲವೇ? ಎಲ್ಲದಕ್ಕೂ ಅದರದರ ಹೊತ್ತು.

ಮೊದಲು ಉಳಿದ ಹೊತ್ತನ್ನು ತೆಗೆದಿಡಿ

'ಆಟಕ್ಕೆ ಎಷ್ಟು ಗಂಟೆ ಕೊಡಲಿ?' ಎಂದು ನಾವು ಮೊದಲು ಕೇಳುತ್ತೇವೆ. ಅದನ್ನು ಕೊನೆಯಲ್ಲಿ ಕೇಳಬೇಕು. ಮಗುವಿಗೆ ಯಾವುದು ಬೇಕೇ ಬೇಕೋ ಅದನ್ನು ಮೊದಲು ತೆಗೆದಿಡಿ, ಉಳಿದದ್ದರಲ್ಲಿ ಆಟಕ್ಕೆ ಪಾಲು ಕೊಡಿ.

ಹತ್ತು ವರ್ಷದ ಮಗುವಿನ ಒಂದು ದಿನವನ್ನು ಲೆಕ್ಕ ಹಾಕೋಣ. 6ರಿಂದ 12 ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ ನಿದ್ದೆ ಬೇಕೆನ್ನುತ್ತಾರೆ ನಿದ್ರಾ ತಜ್ಞರು. ಒಂಬತ್ತೂವರೆ ಎಂದಿಟ್ಟುಕೊಳ್ಳಿ. ಶಾಲೆ ಮತ್ತು ಹೋಗಿ ಬರುವ ದಾರಿಗೆ ಏಳೂವರೆ ಗಂಟೆ. ಮದ್ರಸಕ್ಕೆ ಒಂದು ಗಂಟೆ. ಮನೆಯ ಓದಿಗೆ ಒಂದೂವರೆ. ಊಟ, ಸ್ನಾನ, ನಮಾಝ್‌ಗೆ ಎರಡು ಗಂಟೆ. ಮನೆಯ ಸಣ್ಣ ಕೆಲಸ, ಅಜ್ಜಿಯ ಜತೆ ಮಾತು ಎಂದು ಅರ್ಧ ಗಂಟೆ. ಬಯಲಿನಲ್ಲಿ ಓಡಾಟಕ್ಕೆ ಒಂದು ಗಂಟೆ. ಒಟ್ಟು 23 ಗಂಟೆಯಾಯಿತು. ಉಳಿದದ್ದು ಒಂದೇ ಗಂಟೆ. ಮಗು ಇದಕ್ಕಿಂತ ಹೆಚ್ಚು ಆಡುತ್ತಿದೆ ಎಂದಾದರೆ ಅದು ಯಾವುದೋ ಒಂದು ಪಾಲನ್ನು ತಿನ್ನುತ್ತಿದೆ ಎಂದೇ ಅರ್ಥ. ಹೆಚ್ಚಿನ ಮನೆಗಳಲ್ಲಿ ಅದು ತಿನ್ನುವುದು ನಿದ್ದೆಯನ್ನು ಮತ್ತು ಬಯಲನ್ನು.

ಬಯಲಿನ ಒಂದು ಗಂಟೆಯನ್ನು ಹಗುರವಾಗಿ ಕಾಣಬೇಡಿ. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವಂತೆ ಓಡಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಕಣ್ಣಿಗಂತೂ ಬಯಲು ಬೇಕೇ ಬೇಕು. ಚೀನಾದ ಗ್ವಾಂಗ್‌ಝೌ ನಗರದ 12 ಶಾಲೆಗಳಲ್ಲಿ ಒಂದನೇ ತರಗತಿಯ ಮಕ್ಕಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಶಾಲೆಗಳಲ್ಲಿ ದಿನವೂ 40 ನಿಮಿಷ ಹೆಚ್ಚುವರಿಯಾಗಿ ಮಕ್ಕಳನ್ನು ಹೊರಗೆ ಬಿಟ್ಟರು. ಮೂರು ವರ್ಷಗಳಲ್ಲಿ ಆ ಶಾಲೆಗಳ ಶೇ. 30ರಷ್ಟು ಮಕ್ಕಳಿಗೆ ಸಮೀಪದೃಷ್ಟಿ ದೋಷ ಬಂತು. ಉಳಿದ ಶಾಲೆಗಳಲ್ಲಿ ಅದು ಶೇ. 40ರ ಹತ್ತಿರವಿತ್ತು. ಹಗಲಿನ ಪ್ರಖರ ಬೆಳಕು ಕಣ್ಣಿನ ಗುಡ್ಡೆ ಅತಿಯಾಗಿ ಉದ್ದವಾಗುವುದನ್ನು ತಡೆಯುತ್ತದೆ ಎಂದು ತಜ್ಞರು ವಿವರಿಸುತ್ತಾರೆ. ಮನೆಯೊಳಗಿನ ದೀಪ ಎಷ್ಟೇ ಬೆಳಗಿದರೂ ಹೊರಗಿನ ಬಿಸಿಲಿಗೆ ಸಮನಾಗದು. ನಮ್ಮ ನಾಡಿನಲ್ಲಿ ಇದು ಬಿಟ್ಟಿಯಾಗಿ ಸಿಗುತ್ತದೆ. ಕನ್ನಡಕ ಮಾತ್ರ ಬಿಟ್ಟಿಯಲ್ಲ!

ಕತ್ತಲು ಕವಿಯುವ ಹೊತ್ತಿಗೆ ಮಕ್ಕಳನ್ನು ಒಳಗೆ ಕರೆದುಕೊಳ್ಳಬೇಕೆಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಅಂದರೆ ಅಲ್ಲಿಯವರೆಗೆ ಮದೀನಾದ ಮಕ್ಕಳು ಹೊರಗೆ ಇರುತ್ತಿದ್ದರು. ಇಶಾದ ಬಳಿಕ ವೃಥಾ ಮಾತುಕತೆಯಲ್ಲಿ ಕಾಲ ಕಳೆಯುವುದು ಅವರಿಗೆ ಇಷ್ಟವಿರಲಿಲ್ಲ. ಈ ಎರಡು ಮಾತುಗಳನ್ನು ಪಾಲಿಸಿದರೆ ಸಾಕು, ಅಸ್ರ್‌ನಿಂದ ಮಗ್ರಿಬ್‌ವರೆಗೆ ಬಯಲು, ಇಶಾದ ಬಳಿಕ ನಿದ್ದೆ ಎಂದು ಅರ್ಧ ಸಮಸ್ಯೆ ತಾನಾಗಿಯೇ ಬಗೆಹರಿಯುತ್ತದೆ.

ಹೆಣ್ಣು ಮಕ್ಕಳು ಎಲ್ಲಿ ಆಡಬೇಕು?

ಇಲ್ಲಿ ನಾವು ಒಂದು ಕಹಿ ಮಾತನ್ನು ಆಡಲೇಬೇಕು. ಮಗನಿಗೆ 'ಹೊರಗೆ ಹೋಗಿ ಆಡು' ಎನ್ನುತ್ತೇವೆ. ಮಗಳಿಗೆ ಹತ್ತು ಹನ್ನೊಂದು ವರ್ಷವಾಯಿತೆಂದರೆ 'ಒಳಗೆ ಕುಳಿತುಕೋ' ಎನ್ನುತ್ತೇವೆ. ಒಳಗೆ ಕುಳಿತು ಅವಳು ಏನು ಮಾಡಬೇಕು? ಪಾತ್ರೆ ತೊಳೆದು, ತಮ್ಮನನ್ನು ಆಡಿಸಿ, ಉಳಿದ ಹೊತ್ತಿನಲ್ಲಿ ಮೊಬೈಲ್ ಹಿಡಿದರೆ 'ಇವಳಿಗೆ ಯಾವಾಗಲೂ ಮೊಬೈಲೇ' ಎಂದು ಬೈಯುತ್ತೇವೆ. ಅವಳಿಗೆ ಬೇರೆ ಆಟವನ್ನು ನಾವು ಉಳಿಸಿದ್ದೇವೆಯೇ? ಬಾಗಿಲು ಮುಚ್ಚಿ, ಆಮೇಲೆ ಮೊಬೈಲಿಗೂ ಮಿತಿ ಹಾಕಿದರೆ ಅದು ನ್ಯಾಯವಲ್ಲ, ಬರೀ ಬಂಧನ.

ಸ್ವತಃ ಪ್ರವಾದಿ(ಸ)ರು ಹ. ಆಯಿಶಾ(ರ)ರೊಂದಿಗೆ ಓಟದ ಪಂದ್ಯ ಆಡಿದ್ದಾರೆ. ಒಮ್ಮೆ ಅವರು ಗೆದ್ದರು, ಇನ್ನೊಮ್ಮೆ ಇವರು. ಕಿತ್ತೂರಿನ ಚೆನ್ನಮ್ಮ ಬಾಲ್ಯದಲ್ಲೇ ಕುದುರೆ ಸವಾರಿ ಕಲಿತಿದ್ದಳೆಂದು ನಮ್ಮ ಈ ನಾಡು ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಆಕೆಯ ಸಮಾಧಿ ಬೈಲಹೊಂಗಲದಲ್ಲಿದೆ. ಅದೇ ಊರಿನ ಹುಡುಗಿಗೆ ಹಗ್ಗ ಜಿಗಿಯಲು ನಾಲ್ಕು ಗಜ ಜಾಗ ಸಿಗಬೇಡವೇ?

ಮನಸ್ಸಿದ್ದರೆ ಜಾಗವಿದೆ. ಬಯಲು ಸೀಮೆಯ ಮನೆಗಳ ಮಾಳಿಗೆ ಇದೆ, ಗೋಡೆ ಕಟ್ಟಿದ ಹಿತ್ತಿಲಿದೆ. ಓಣಿಯ ನಾಲ್ಕು ಮನೆಯ ತಾಯಂದಿರು ಮಾತನಾಡಿಕೊಂಡು, ಸಂಜೆ ಒಬ್ಬರ ಮನೆಯ ಅಂಗಳದಲ್ಲಿ ಹುಡುಗಿಯರನ್ನು ಸೇರಿಸಬಹುದು. ಒಬ್ಬ ತಾಯಿ ಸೊಪ್ಪು ಬಿಡಿಸುತ್ತಾ ಕುಳಿತರೆ ಕಾವಲೂ ಆಯಿತು. ಶಾಲೆಯ ಖೋಖೋ ತಂಡಕ್ಕೆ ಮಗಳು ಆಯ್ಕೆಯಾದರೆ 'ಬೇಡ' ಎನ್ನುವ ಮೊದಲು ಶಿಕ್ಷಕಿಯನ್ನು ಭೇಟಿಯಾಗಿ, ಉಡುಪಿನ ಬಗ್ಗೆ, ಹೋಗಿ ಬರುವ ವ್ಯವಸ್ಥೆಯ ಬಗ್ಗೆ ವಿಚಾರಿಸಿ. ಗಂಡು ಮಕ್ಕಳಿಗೂ ಅಷ್ಟೇ. ಸಂಗೊಳ್ಳಿ ರಾಯಣ್ಣ ಹುಟ್ಟಿದ ತಾಲೂಕು ಇದು, ಕುಸ್ತಿಗೆ ಹೆಸರಾದ ಜಿಲ್ಲೆ ಇದು. ಮೊಬೈಲಿನಲ್ಲಿ ನೂರು ಮಂದಿಯನ್ನು ಸೋಲಿಸುವ ಹುಡುಗ ಕಬಡ್ಡಿಯಲ್ಲಿ ಒಂದು ಸಲ ಮಣ್ಣು ಮುಕ್ಕಲಿ. ಸೋಲುವುದು ಹೇಗೆಂದು ಅಲ್ಲಿ ಕಲಿಯುತ್ತಾನೆ.

ಆಟ ಬಿಡದಂತೆ ಹಿಡಿಯುವುದೇಕೆ?

ಮಗುವಿಗೆ ಹಟ ಎನ್ನುವ ಮೊದಲು ಆ ಆಟವನ್ನು ಸ್ವಲ್ಪ ಅರಿತುಕೊಳ್ಳಿ. ಲಗೋರಿ ಆಡಿದರೆ ಸುಸ್ತಾಗುತ್ತದೆ, ಕತ್ತಲಾಗುತ್ತದೆ, ಆಟ ತಾನಾಗಿ ಮುಗಿಯುತ್ತದೆ. ಮೊಬೈಲ್ ಆಟಕ್ಕೆ ಕತ್ತಲಿಲ್ಲ. ಮುಗಿಯದಂತೆಯೇ ಅದನ್ನು ರಚಿಸಿರುತ್ತಾರೆ. ದಿನವೂ ಬಂದರೆ ಒಂದು ಉಡುಗೊರೆ, ಒಂದು ದಿನ ತಪ್ಪಿದರೆ ನಷ್ಟ. ಯಾವಾಗ ಬಹುಮಾನ ಸಿಗುತ್ತದೆಂದು ಗೊತ್ತಿಲ್ಲದ್ದರಿಂದ 'ಇನ್ನೊಂದು ಸಲ' ಎಂಬ ಆಸೆ. ಇನ್ನೂ ಒಂದು ವಿಷಯವಿದೆ. ಬಿಜಿಎಂಐಯಂತಹ ಆಟದಲ್ಲಿ ನೂರು ಮಂದಿ ಒಟ್ಟಿಗೆ ಇಳಿಯುತ್ತಾರೆ, ಒಂದು ಪಂದ್ಯಕ್ಕೆ ಸುಮಾರು ಅರ್ಧ ಗಂಟೆ ಹಿಡಿಯುತ್ತದೆ. ಅದನ್ನು ನಡುವೆ ನಿಲ್ಲಿಸಲು ಬರುವುದಿಲ್ಲ. ಬಿಟ್ಟು ಎದ್ದರೆ ಜತೆಗಾರ ಗೆಳೆಯರು ಬೈಯುತ್ತಾರೆ. 'ಈಗಲೇ ನಿಲ್ಲಿಸು' ಎಂದಾಗ ಮಗು ರೇಗುವುದು ಇದಕ್ಕೂ ಹೌದು.

ಹಣದ ವಿಷಯದಲ್ಲಂತೂ ಬಹಳ ಎಚ್ಚರ ಬೇಕು. ಬಟ್ಟೆ, ಬಂದೂಕು ಎಂದು ಆಟದೊಳಗೆ ಕೊಳ್ಳುವ ವಸ್ತುಗಳಿವೆ. ಏನು ಸಿಗುತ್ತದೆಂದು ತಿಳಿಯದೆ ಹಣ ಕೊಟ್ಟು ತೆರೆಯುವ ಪೆಟ್ಟಿಗೆಗಳಿವೆ. ಬೆಲ್ಜಿಯಂ ದೇಶ 2018ರಲ್ಲಿ ಇಂತಹ ಪೆಟ್ಟಿಗೆಗಳನ್ನು ಜೂಜು ಎಂದೇ ಪರಿಗಣಿಸಿತು. ನಮ್ಮ ದೇಶದಲ್ಲಿ 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾನೂನು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಜೂಜು ಮನುಷ್ಯರ ನಡುವೆ ಹಗೆ ಹುಟ್ಟಿಸುತ್ತದೆ, ಅಲ್ಲಾಹನ ಸ್ಮರಣೆಯಿಂದಲೂ ನಮಾಝ್‌ನಿಂದಲೂ ತಡೆಯುತ್ತದೆ ಎಂದು ಕುರ್‌ಆನ್ ಎಚ್ಚರಿಸಿದೆ. ಹಣವಿಲ್ಲದ ಆಟವನ್ನೂ ಇದೇ ಎರಡು ಪ್ರಶ್ನೆಗಳಿಂದ ಅಳೆದು ನೋಡಬಹುದು. ಈ ಆಟದಿಂದ ಮನೆಯಲ್ಲಿ ಜಗಳ ಹೆಚ್ಚಿದೆಯೇ? ನಮಾಝ್ ತಪ್ಪುತ್ತಿದೆಯೇ? ಹೌದು ಎಂದಾದರೆ ಮಿತಿ ಆಗಲೇ ಮೀರಿದೆ.

ಮಿತಿ ಹಾಕುವ ರೀತಿ

ಮಿತಿ ಬೇಕು ಎಂಬುದರಲ್ಲಿ ಸಂಶಯವಿಲ್ಲ. ಅದನ್ನು ಹಾಕುವಾಗ ಈ ಕೆಲವು ವಿಷಯಗಳನ್ನು ನೆನಪಿನಲ್ಲಿಡಿ.

ಎರಡು ವರ್ಷದೊಳಗಿನ ಮಗುವಿಗೆ ಪರದೆಯೇ ಬೇಡ, 2ರಿಂದ 4 ವರ್ಷದವರಿಗೆ ಒಂದು ಗಂಟೆಗಿಂತ ಹೆಚ್ಚು ಬೇಡ, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತಿಳಿಸಿದೆ. ಅನ್ನ ತಿನ್ನಿಸಲು ಮೊಬೈಲ್ ತೋರಿಸುವ ಅಭ್ಯಾಸವೇ ಮುಂದಿನ ಎಲ್ಲ ಹಟಗಳ ಬೀಜ.

ದೊಡ್ಡ ಮಕ್ಕಳೊಂದಿಗೆ ಮೊದಲೇ ಕುಳಿತು ಮಾತನಾಡಿ. ಆಟದ ನಡುವೆ ನಿಯಮ ಹೇಳಬೇಡಿ. 'ಇಷ್ಟು ನಿಮಿಷ' ಎನ್ನುವುದಕ್ಕಿಂತ 'ಒಂದು ಪಂದ್ಯ' ಅಥವಾ 'ಎರಡು ಪಂದ್ಯ' ಎನ್ನಿ. ಕೊನೆಯ ಪಂದ್ಯ ಆರಂಭವಾಗುವ ಮೊದಲು ಬಳಿಗೆ ಹೋಗಿ, ಹೆಗಲ ಮೇಲೆ ಕೈಯಿಟ್ಟು ನೆನಪಿಸಿ.

ಆಟ ಎಲ್ಲರೂ ಓಡಾಡುವ ಪಡಸಾಲೆಯಲ್ಲೇ ನಡೆಯಲಿ, ಮುಚ್ಚಿದ ಕೋಣೆಯಲ್ಲಿ ಬೇಡ. ರಾತ್ರಿ ಫೋನ್‌ಗಳೆಲ್ಲ ಒಂದೇ ಕಡೆ, ಮಲಗುವ ಕೋಣೆಯಿಂದ ಹೊರಗೆ ಚಾರ್ಜ್ ಆಗಲಿ. 'ಎಲ್ಲ' ಎಂದರೆ ಅಪ್ಪನದ್ದೂ, ಅಮ್ಮನದ್ದೂ.

ನಿಮ್ಮ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್ ಎಂಬ ಭಾಗವಿರುತ್ತದೆ. ಯಾವ ಆ್ಯಪ್ ಎಷ್ಟು ಹೊತ್ತು ತೆರೆದಿತ್ತು ಎಂಬ ಲೆಕ್ಕ ಅಲ್ಲಿ ಸಿಗುತ್ತದೆ. ಮಗುವಿನ ಲೆಕ್ಕ ಕೇಳುವ ಮೊದಲು ನಿಮ್ಮದನ್ನು ನೋಡಿಕೊಳ್ಳಿ. ರೀಲ್ಸ್ ನೋಡುತ್ತಾ 'ನೀನು ಆಡಬೇಡ' ಎಂದರೆ ಮಗು ನಮ್ಮ ಮಾತನ್ನಲ್ಲ, ನಮ್ಮ ಕೈಯನ್ನು ನೋಡುತ್ತದೆ. ಪ್ರತಿಯೊಬ್ಬರೂ ತಮ್ಮ ಅಧೀನದಲ್ಲಿರುವವರ ಪಾಲಕರು, ಆ ಬಗ್ಗೆ ಪ್ರಶ್ನಿಸಲ್ಪಡುವವರು ಎಂಬ ಪ್ರವಾದಿವಚನ ತಂದೆಗೂ ಅನ್ವಯಿಸುತ್ತದೆ. ಮಿತಿ ಹಾಕುವುದು ತಾಯಿಯ ಕೆಲಸ, ಮಗುವಿನ ಮುಂದೆ ಅದನ್ನು ಸಡಿಲಿಸುವುದು ತಂದೆಯ ಕೆಲಸ ಎಂದಾದರೆ ಯಾವ ನಿಯಮವೂ ನಿಲ್ಲದು.

ಹಣ ಪಾವತಿಯ ಪಿನ್ ಮಕ್ಕಳಿಗೆ ತಿಳಿಯದಿರಲಿ. ಆಟವನ್ನು ಬಹುಮಾನವಾಗಿಯೂ ಶಿಕ್ಷೆಯಾಗಿಯೂ ಬಳಸಬೇಡಿ. ಹಾಗೆ ಮಾಡಿದರೆ ಮಗುವಿನ ಕಣ್ಣಿನಲ್ಲಿ ಅದೇ ಎಲ್ಲಕ್ಕಿಂತ ಬೆಲೆಬಾಳುವ ವಸ್ತುವಾಗಿಬಿಡುತ್ತದೆ. ವಾರಕ್ಕೊಮ್ಮೆಯಾದರೂ ಪಕ್ಕದಲ್ಲಿ ಕುಳಿತು ಅದು ಏನು ಆಡುತ್ತಿದೆ, ಯಾರ ಜತೆ ಮಾತನಾಡುತ್ತಿದೆ ಎಂದು ಕೇಳಿ.

ಕೈಮೀರಿದೆ ಎನಿಸಿದರೆ

ಕೆಲವು ಮಕ್ಕಳ ವಿಷಯದಲ್ಲಿ ಇಷ್ಟು ಸಾಲದು. ಆಟದ ಮೇಲೆ ಹಿಡಿತವೇ ತಪ್ಪಿದೆ, ಉಳಿದ ಎಲ್ಲಕ್ಕಿಂತ ಆಟವೇ ದೊಡ್ಡದಾಗಿದೆ, ಓದು, ಆರೋಗ್ಯ, ಸಂಬಂಧ ಕೆಡುತ್ತಿದ್ದರೂ ನಿಲ್ಲಿಸಲಾಗುತ್ತಿಲ್ಲ, ಇದು ಸುಮಾರು ಒಂದು ವರ್ಷದಿಂದ ನಡೆದಿದೆ ಎಂದಾದರೆ ಅದನ್ನು ರೋಗವೆಂದು ವಿಶ್ವ ಆರೋಗ್ಯ ಸಂಸ್ಥೆ ಗುರುತಿಸಿದೆ. ಈ ವರ್ಗೀಕರಣ 2022ರ ಜನವರಿಯಿಂದ ಜಾರಿಗೆ ಬಂದಿದೆ. ಇದು ಹುಚ್ಚಲ್ಲ, ಮಾಟವೂ ಅಲ್ಲ. ಹೊಡೆದರೆ ವಾಸಿಯಾಗುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಿಂದ ಶಟ್ ಕ್ಲಿನಿಕ್ ನಡೆಯುತ್ತಿದೆ. ಕಿತ್ತೂರು, ಬೈಲಹೊಂಗಲದ ಕಡೆಯವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ. ಮನೆಯಿಂದಲೇ ಮಾತನಾಡುವುದಾದರೆ 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು. ನಾಲ್ಕು ಜನ ಏನೆನ್ನುತ್ತಾರೋ ಎಂದು ಮುಚ್ಚಿಡುವುದರಿಂದ ಮಗುವಿಗೇ ಅನ್ಯಾಯ.

ಸಹೋದರಿಯರೇ, ಮಿತಿ ಎಂಬುದು ಮಗುವಿನಿಂದ ಏನನ್ನೋ ಕಿತ್ತುಕೊಳ್ಳುವುದಲ್ಲ. ಅದರ ನಿದ್ದೆ, ಅದರ ಕಣ್ಣು, ಅದರ ನಮಾಝ್, ಅದರ ಗೆಳೆಯರು, ಇವೆಲ್ಲ ಅದರ ಹಕ್ಕುಗಳು. ಆ ಹಕ್ಕುಗಳನ್ನು ಕಾಪಾಡುವುದಕ್ಕಾಗಿ ನಾವು ಎಳೆಯುವ ಗೆರೆಯೇ ಮಿತಿ. ದೇಹಕ್ಕೂ ನಮ್ಮ ಮೇಲೆ ಹಕ್ಕಿದೆ, ಮನೆಯವರಿಗೂ ಹಕ್ಕಿದೆ ಎಂದು ಹ. ಸಲ್ಮಾನ್(ರ) ತಮ್ಮ ಮಿತ್ರನಿಗೆ ನೆನಪಿಸಿದಾಗ ಪ್ರವಾದಿ(ಸ)ರು ಅದನ್ನು ಸರಿಯೆಂದರು. ಆರಾಧನೆಯಲ್ಲೇ ಅತಿ ಬೇಡ ಎಂದು ಕಲಿಸಿದ ಧರ್ಮ ಆಟದಲ್ಲಿ ಅತಿಯನ್ನು ಒಪ್ಪೀತೇ?

ಇಂದು ಸಂಜೆಯೇ ಆರಂಭಿಸಿ. ಫೋನ್ ಕೆಳಗಿಡು ಎಂದು ಹೇಳುವ ಮೊದಲು ನಿಮ್ಮದನ್ನು ಕೆಳಗಿಟ್ಟು, ಬಾಗಿಲು ತೆರೆದು, ಮಗುವಿನ ಕೈ ಹಿಡಿದು ಹೊರಗೆ ಬನ್ನಿ. ಮಗ್ರಿಬ್‌ಗೆ ಇನ್ನೂ ಹೊತ್ತಿದೆ.